ಕಿಲುಬು ಹಿಡಿಸುವ ಕೆಲಸ

‘ಕಿಲುಬು’ ಅನ್ನೋ ಪದಕ್ಕೆ ಕನ್ನಡದಲ್ಲಿ ಒಳ್ಳೇ ಹೆಸರಿಲ್ಲ. ಕಿಲುಬು ಕಾಸು ಅಂದ್ರೆ ಯಾರಿಗೂ ಬೇಡದ ಕಾಸು. ಕಿಲುಬು ಹಿಡಿದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಕೆಟ್ಟುಹೋಗುತ್ತೆ, ಕುಡಿದವರ ಹೊಟ್ಟೆಯೂ ಕೆಡುತ್ತೆ. ಅದಕ್ಕೇ ಕಲಾಯಿ ಹಾಕಿಸೋದು, ಹುಣಸೆಹಣ್ಣು ಹಾಕಿ ತಿಕ್ಕೋದು, ಅದೂ ಸಾಲದಿದ್ದರೆ ಪೀತಾಂಬರಿ ಪುಡಿ. ಅದೇ ಕಿಲುಬಿಗೆ ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಆಂಟಿಕ್ ಫಿನಿಶ್’ ಅಂತ ಹೆಸರು. ಹೊಳೆಯುವ ಹಿತ್ತಾಳೆ ಚಿಲಕಕ್ಕೆ ಒಂದು ರೇಟು, ಮಬ್ಬು ಬಡಿದಂತೆ ಕಾಣುವ ಅದೇ ಚಿಲಕಕ್ಕೆ ಇನ್ನೊಂದು, ಹೆಚ್ಚಿನ ರೇಟು. ನಮಗಿದೇನೂ ಹೊಸದಲ್ಲ ಬಿಡಿ. ಕರಾವಳಿಯ ಚಾಲಿ ಅಡಿಕೆಗೂ ಹಾಗೇ, ಹೊಸದಕ್ಕೆ ಒಂದು ಧಾರಣೆ, ಹಳೇದಕ್ಕೆ ಅದಕ್ಕಿಂತ ಜಾಸ್ತಿ. ಆದರೆ ಅಡಿಕೆ ನಿಜವಾಗಿಯೂ ಗೋದಾಮಿನಲ್ಲಿ ವರ್ಷ ಕಳೆದಿರುತ್ತೆ. ಚಿಲಕ ಹೋದ ವಾರ ಹುಟ್ಟಿದ್ದು.

ಈ ಚಿಲಕದ ವಿಷಯಕ್ಕೆ ನಾನು ಬಿದ್ದಿದ್ದು ಒಂದು ಬಾಗಿಲಿನಿಂದಾಗಿ. ಆನಂದಪುರದಿಂದ ರಿಪ್ಪನ್‌ಪೇಟೆ ಕಡೆ ಹೋಗುವಾಗ ಸ್ವಲ್ಪ ಒಳಗೆ ನಮ್ಮನೆ. ಮೊದಲು ತೊಟ್ಟಿಮನೆ. 1997ರಲ್ಲಿ ಅಪ್ಪಯ್ಯನಿಗೂ ಚಿಕ್ಕಪ್ಪನಿಗೂ ಪಾಲಾಯಿತು. ನಮ್ಮ ಕಡೆ ಪಾಲು ಅಂದ್ರೆ ತೋಟ, ಗದ್ದೆ ಮಾತ್ರ ಅಲ್ಲ. ಹಂಡೆ, ಕೊಳಗ, ಚರಿಗೆ ಎಲ್ಲ ಅಂಗಳಕ್ಕೆ ತಂದು ತಕ್ಕಡಿಯಲ್ಲಿ ತೂಗಿ ಹಂಚಿಕೊಳ್ಳೋದು. ಮುಂಬಾಗಿಲಿನ ಕದ ನಮಗೆ ಬಂತು. ಅದರ ಹಿತ್ತಾಳೆ ಬಳೆ, ಬಿಲ್ಲೆ, ಕೊಂಡಿ, ಚಿಲಕ ಎಲ್ಲ ಕಿತ್ತು ತಕ್ಕಡಿಗೆ ಹಾಕಿದರು. ಅವು ಚಿಕ್ಕಪ್ಪನ ಕಡೆಗೆ ಹೋದವು, ಆಮೇಲೆ ಗುಜರಿಗೆ. ಅಪ್ಪಯ್ಯ ಒಂದು ಮಾತು ಆಡಲಿಲ್ಲ. ಮಾರನೇ ದಿನ ಆನಂದಪುರ ಪೇಟೆಗೆ ಹೋಗಿ ಒಂದು ಅಲ್ಯೂಮಿನಿಯಂ ಟವರ್ ಬೋಲ್ಟ್ ತಂದು, ತಾನೇ ಸ್ಕ್ರೂ ತಿರುಗಿಸಿ ಹಾಕಿದ. ಎರಡು ಬೊಟ್ಟು ದಪ್ಪದ ಹಲಸಿನ ಕದಕ್ಕೆ ಬಚ್ಚಲುಮನೆ ಬೋಲ್ಟು. ಇಪ್ಪತ್ನಾಲ್ಕು ವರ್ಷ, 2021ರಲ್ಲಿ ಅವನು ಹೋಗುವವರೆಗೂ, ರಾತ್ರಿ ಅದನ್ನೇ ಹಾಕಿ ಮಲಗುತ್ತಿದ್ದ.

ಈಗ ಅಣ್ಣ ಮನೆ ರಿಪೇರಿ ಮಾಡಿಸಿ ಎರಡು ರೂಮು ಹೋಂಸ್ಟೇಗೆ ಬಿಡೋ ತಯಾರಿಯಲ್ಲಿದ್ದಾನೆ. ಆನಂದಪುರದ ಚಂಪಕ ಸರಸಿ ಹೂಳೆತ್ತಿ ಚೊಕ್ಕ ಆದಮೇಲೆ, ಫೋಟೋ ತೆಗೆಯೋಕೆ ಅಂತ ಬೆಂಗಳೂರಿನವರು ಬರ್ತಾರೆ. ಇಕ್ಕೇರಿ, ಕೆಳದಿ, ಜೋಗ ಎಲ್ಲ ಒಂದೇ ದಿನದ ದಾರಿ. “ಬಾಗಿಲು ನೋಡಿದ ಕೂಡ್ಲೆ ಹಳೇ ಮನೆ ಅನ್ನಿಸ್ಬೇಕು. ಆ ಜವಾಬ್ದಾರಿ ನಿಂದು” ಅಂದ ಅಣ್ಣ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ತಪ್ಪು ಹುಡುಕೋದೇ ಕಸುಬು ಆಗಿರೋದ್ರಿಂದ ಇಂಥ ಕೆಲಸ ನನಗೇ ಬೀಳುತ್ತೆ.

ಎಸ್.ಪಿ. ರೋಡಿಗೆ ಹೋಗುವವರಿಗೆ ಒಂದು ಮಾತು. ಜೇಬಿನಲ್ಲಿ ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಹಿತ್ತಾಳೆಗೆ ಅದು ಅಂಟೋದಿಲ್ಲ. ಅಂಟಿತು ಅಂದ್ರೆ ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆ ಬಣ್ಣದ ಲೇಪ. ಅಂಥದಕ್ಕೆ ಏನು ಹಚ್ಚಿದರೂ ಲೇಪ ಹೋಗಿ ತುಕ್ಕು ಬರುತ್ತೆ ಅಷ್ಟೇ. (ಅಂಟದ ಎಲ್ಲವೂ ಹಿತ್ತಾಳೆ ಅಲ್ಲ, ಸತುವಿನ ಅಚ್ಚಿಗೂ ಅಂಟೋದಿಲ್ಲ. ಮೂಲೆಯಲ್ಲಿ ಅರ ಹಾಕಿ ಉಜ್ಜಿ ನೋಡಿ, ಒಳಗೂ ಹಳದಿ ಇದೆಯಾ ಅಂತ.) ಎರಡನೇದು, ಹೊಸ ಹಿತ್ತಾಳೆ ಸಾಮಾನಿನ ಮೇಲೆ ಸಾಮಾನ್ಯವಾಗಿ ತೆಳ್ಳನೆ ಲ್ಯಾಕರ್ ಬಳಿದಿರುತ್ತಾರೆ. ಅಂಗಡಿಯಲ್ಲಿ ಕೂತು ಕಪ್ಪಾಗದೇ ಇರಲಿ ಅಂತ. ಅದನ್ನು ಥಿನ್ನರ್ ಹಾಕಿ ಪೂರ್ತಿ ತೆಗೆಯದ ಹೊರತು ನಿಮ್ಮ ಯಾವ ಮದ್ದೂ ಲೋಹಕ್ಕೆ ತಾಗೋದಿಲ್ಲ. ನಾನು ಆರಿಸಿಕೊಂಡಿದ್ದು ಎರಕ ಹೊಯ್ದ ದಪ್ಪ ಬಳೆ ಎರಡು, ಹೂವಿನ ಬಿಲ್ಲೆ ಎರಡು, ಒಂದು ಉದ್ದ ಚಿಲಕ. ಎಲ್ಲ ಮದುವೆಮನೆ ಕಳಶದ ಥರ ಫಳಫಳ.

ಬೇಕಂತಲೇ ಲೋಹವನ್ನು ಕಪ್ಪು ಮಾಡೋದು ಅಂದ್ರೆ ಕೃತಕ, ಫ್ಯಾಶನ್ನು ಅಂತ ಮೂಗು ಮುರಿಯುವವರು ಒಮ್ಮೆ ಬೀದರಿಗೆ ಹೋಗಿಬರಬೇಕು. ಬಿದ್ರಿ ಕಲೆಯ ಜೀವ ಇರೋದೇ ಅದರಲ್ಲಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ತಾರೆ. ಆಗ ಅದರ ಬಣ್ಣ ಬರೀ ಬೂದು. ಅದರ ಮೇಲೆ ಚಿತ್ತಾರ ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿದು ಉಜ್ಜಿದರೆ, ಬೂದಿಯಲ್ಲಿ ಬೆಳ್ಳಿ ಸರಿಯಾಗಿ ಕಾಣೋದೂ ಇಲ್ಲ. ಕೊನೆಯಲ್ಲಿ ಬರೋದು ಮಣ್ಣು. ಬೀದರ್ ಕೋಟೆಯ ಹಳೇ ಭಾಗಗಳಲ್ಲಿ, ಎಷ್ಟೋ ಕಾಲದಿಂದ ಬಿಸಿಲು ಮಳೆ ತಾಗದ ಜಾಗದ ಮಣ್ಣು. ಅದಕ್ಕೆ ನವಸಾಗರ ಸೇರಿಸಿ ನೀರಲ್ಲಿ ಕುದಿಸಿ, ಸಾಮಾನನ್ನು ಅದರಲ್ಲಿ ಅದ್ದಿ ಉಜ್ಜಿದರೆ ಬೂದು ಹೋಗಿ ಕಾಡಿಗೆಯಂಥ ಕಪ್ಪು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಮಣ್ಣು ಸರಿಯಾಗಿದೆಯಾ ಅಂತ ಕುಶಲಕರ್ಮಿಗಳು ನಾಲಿಗೆ ಮೇಲಿಟ್ಟು ರುಚಿ ನೋಡಿ ಹೇಳ್ತಾರೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅವರ ಕೈಯಲ್ಲಿ ಅರಳಿದ್ದು ಇದೇ ಕಪ್ಪು. ಅಲ್ಲಿ ಯಾರೂ “ಇದು ಹಳೇ ಹೂಜಿ” ಅಂತ ನಂಬಿಸೋಕೆ ಕಪ್ಪು ಮಾಡೋದಿಲ್ಲ. ಬೆಳ್ಳಿ ಕಾಣಲಿ ಅಂತ ಮಾಡ್ತಾರೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಅಮ್ಮನಿಗೆ ಈ ವ್ಯಾಖ್ಯಾನ ಎಲ್ಲ ಹೇಳಿದೆ. “ಬೀದರಿನವರು ಎಂತ ಬೇಕಾದ್ರೂ ಮಾಡ್ಲಿ ಮಾರಾಯ್ತಿ. ಹೊಸ ಹಿತ್ತಾಳೆಗೆ ಕಿಲುಬು ಹಿಡಿಸಿ ಮುಂಬಾಗಿಲಿಗೆ ಹಾಕ್ತೀಯಲ್ಲ, ಬಂದವರು ನೋಡಿ ನಂಗೆ ಅಂತಾರೆ, ನಿಂಗಲ್ಲ” ಅಂದಳು.

ಇದು ತಮಾಷೆಯ ಮಾತಲ್ಲ. ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಪ್ರತಿ ಹಬ್ಬದ ಹಿಂದಿನ ದಿನ ವಾಟೆಹುಳಿ ನೆನೆಸಿ, ಬೂದಿ ಹಾಕಿ, ಬಾವಿಕಟ್ಟೆಯ ಹತ್ತಿರ ಕೂತು ಅವಳು ತಿಕ್ಕಿದ ಹಿತ್ತಾಳೆ ಎಷ್ಟೋ. ಕೈಯ ಗೆರೆಯೆಲ್ಲ ಕಪ್ಪಾಗಿ, ಬೆರಳ ಸಂದಿ ಹುಳಿಗೆ ಉರಿಯುತ್ತಿದ್ದರೂ ದೀಪದ ಕಂಬದ ಕೆತ್ತನೆಯ ಒಳಗೆಲ್ಲ ತೆಂಗಿನ ನಾರು ತುರುಕಿ ಉಜ್ಜಬೇಕು. ಸಂದಿಯಲ್ಲಿ ಹಸಿರು ಉಳಿದಿದ್ದರೆ ಅಜ್ಜಿ ಬೆರಳಲ್ಲಿ ತೋರಿಸುತ್ತಿದ್ದಳಂತೆ, ಮಾತಿಲ್ಲದೆ. ಪೇಟೆಯ ನಾವು ‘ಪಟಿನಾ’ ಅಂತ ಬಾಯಿತುಂಬ ಕರೆಯೋದಕ್ಕೆ ಇಲ್ಲಿ ಸೊಸೆಯ ಸೋಮಾರಿತನ ಅಂತ ಹೆಸರಿತ್ತು. ಒಳಾಂಗಣ ವಿನ್ಯಾಸದ ಪತ್ರಿಕೆಗಳಲ್ಲಿ ಈ ಸಾಲು ಬರೋದಿಲ್ಲ. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ 1886ರಲ್ಲಿ ನಿಂತಾಗ ತಾಮ್ರದ ಕಂದು ಬಣ್ಣದ್ದು, 1920ರ ಹೊತ್ತಿಗೆ ಪೂರ್ತಿ ಹಸಿರು. ಆ ಹಸಿರೇ ಒಳಗಿನ ತಾಮ್ರವನ್ನು ಕಾಯೋದು, ಅದನ್ನು ತಿಕ್ಕಬಾರದು ಅಂತ ಅಮ್ಮನಿಗೆ ಹೇಳಿದೆ. “ಅದಕ್ಕೆ ಅತ್ತೆ ಇಲ್ಲ” ಅಂದಳು.

ಅವಳು ಒಪ್ಪಿದ್ದು ಬೇರೆ ಕಾರಣಕ್ಕೆ. ಹಿತ್ತಾಳೆ ಕಂದಾಗೋಕೆ ಬೇಕಾದ್ದು ಅಮೋನಿಯಾದ ಹಬೆ. ಅಂಗಡಿಯಲ್ಲಿ ಲಿಕ್ವಿಡ್ ಅಮೋನಿಯಾ ಸಿಗುತ್ತೆ. ಆದರೆ ಕೊಟ್ಟಿಗೆ ಇರೋ ಮನೆಗೆ ಅದೆಂತಕ್ಕೆ? ನಮ್ಮ ಹಿತ್ತಲ ಕಡೆ, ಕೊಟ್ಟಿಗೆಗೆ ತಾಗಿದ ಬಾಗಿಲಲ್ಲಿ ಹಳೇದೊಂದು ಹಿತ್ತಾಳೆ ಕೊಂಡಿ ಪಾಲಿನಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಮನೆಯ ಬೇರೆ ಯಾವ ಹಿತ್ತಾಳೆಗೂ ಇಲ್ಲದ ಗಾಢ ಬಣ್ಣ ಅದಕ್ಕೆ. ಹಳಸಿದ ಗಂಜಳದಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುತ್ತೆ, ಆ ಗಾಳಿಯಲ್ಲೇ ಅದು ವರ್ಷಗಟ್ಟಲೆ ಇತ್ತು. ಹಾಗಾಗಿ ನಾಲ್ಕು ದಿನ ಹಳಸಿದ ಗಂಜಳ ಬಕೆಟ್ಟಿಗೆ ಹಾಕಿ, ಒಂದು ಹಿಡಿ ಸುಣ್ಣ ಸೇರಿಸಿ (ಸುಣ್ಣ ಬಿದ್ದರೆ ಅಮೋನಿಯಾ ಜೋರಾಗಿ ಹೊರಗೆ ಬರುತ್ತೆ), ಸಾಮಾನನ್ನು ಮೇಲೆ ದಾರದಲ್ಲಿ ನೇತುಹಾಕಿ, ಮುಚ್ಚಳ ಬಿಗಿದು ಹಿತ್ತಲಲ್ಲಿ ಇಟ್ಟೆ. ದ್ರವಕ್ಕೆ ತಾಗಬಾರದು, ಹಬೆ ಮಾತ್ರ. “ಗೋಮೂತ್ರನಾ? ಹಂಗಾರೆ ಶುದ್ಧ ಆತು ಬಿಡು” ಅಂತ ಅಮ್ಮ ಸುಮ್ಮನಾದಳು. ಮೂಗು ಮುಚ್ಚಿಕೊಂಡು ಮಾರನೇ ದಿನ ಮುಚ್ಚಳ ತೆಗೆದರೆ ಫಳಫಳ ಹೋಗಿ ಜೇನಿನ ಬಣ್ಣ. ಎರಡನೇ ದಿನಕ್ಕೆ ಹಳೇ ಬೆಲ್ಲದ ಬಣ್ಣ.

ಮೂರನೇ ದಿನಕ್ಕೆ ನಾನು ಬಿಡಲಿಲ್ಲ. ಕಾರಣ ಒಂದು ಹಳೇ ಕಥೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದರೆ ತೋಟಾಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಮಳೆಗಾಲದಲ್ಲಿ ಆಗೋದು ಅಂತ ‘ಸೀಸನ್ ಕ್ರ್ಯಾಕಿಂಗ್’ ಅಂತ ಕರೆದರೇ ಹೊರತು ಕಾರಣ ಗೊತ್ತಾಗಿರಲಿಲ್ಲ. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಅನ್ನೋ ಮೂವರು ಬಿಡಿಸಿ ಹೇಳಿದರು. ಕುದುರೆ ಮೂತ್ರದ ಅಮೋನಿಯಾ, ಜೊತೆಗೆ ತಗಡನ್ನು ಎಳೆದು ತೋಟಾ ಮಾಡುವಾಗ ಲೋಹದೊಳಗೆ ಉಳಿದ ಬಿಗಿತ, ಇವೆರಡೂ ಸೇರಿದರೆ ಹಿತ್ತಾಳೆ ಸೀಳುತ್ತೆ. ಎರಕದ ದಪ್ಪ ಬಳೆಗೆ ಅಷ್ಟು ಭಯ ಇಲ್ಲ. ಒತ್ತಿ ಮಾಡಿದ ತೆಳು ತಗಡಿನ ಬಿಲ್ಲೆ, ಬಗ್ಗಿಸಿದ ಕೊಂಡಿ ಇದ್ದರೆ ಬೇಗ ತೆಗೆದು ಚೆನ್ನಾಗಿ ತೊಳೆಯಬೇಕು. ಇನ್ನೊಂದು, ಅಮೋನಿಯಾ ಇರೋ ಕಡೆ ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ಕ್ಲೀನರ್ ಹತ್ತಿರವೂ ತರಬೇಡಿ. ಎರಡೂ ಸೇರಿದರೆ ಬರೋದು ವಿಷಗಾಳಿ. ಅಪಾರ್ಟ್‌ಮೆಂಟಿನ ಬಾತ್‌ರೂಮಿನಲ್ಲಿ ಈ ಪ್ರಯೋಗ ಬೇಡವೇ ಬೇಡ.

ಕಬ್ಬಿಣದ್ದು ಬೇರೆ ಶಾಸ್ತ್ರ. ಕಿಟಕಿಯ ಬಿಜಾಗರಿ, ಕೊಂಡಿ, ದೊಡ್ಡ ತಲೆಯ ಮೊಳೆ ಎಲ್ಲ ಅಂಗಡಿಯಿಂದ ಬಂದಾಗ ಸತುವಿನ ಲೇಪದಲ್ಲಿ ಬೆಳ್ಳಗಿರುತ್ತವೆ. ರಾತ್ರಿಯಿಡೀ ವಿನೆಗರ್‌ನಲ್ಲಿ ಮುಳುಗಿಸಿಟ್ಟರೆ ಗುಳ್ಳೆ ಬಂದು ಸತು ಬಿಡುತ್ತೆ. ಆಮೇಲೆ ಉಪ್ಪುನೀರು ಚಿಮುಕಿಸಿ ಬಿಸಿಲಿಗೆ ಹಾಕಿದರೆ ಸಂಜೆಗೆ ತೆಳುವಾದ ಕೆಂಪು ತುಕ್ಕು. ಇಂಟರ್ನೆಟ್ಟಿನ ಪಂಡಿತರು ಇಲ್ಲಿಗೆ ನಿಲ್ಲಿಸಿ ವಾರ್ನಿಷ್ ಹೊಡೆಯೋಕೆ ಹೇಳ್ತಾರೆ. ಅವರು ಮಲೆನಾಡಿನ ಜುಲೈ ನೋಡಿದವರಲ್ಲ. ಆ ತುಕ್ಕು ವಾರ್ನಿಷ್ ಅಡಿಯಲ್ಲೇ ಬೆಳೆದು ಚಕ್ಕೆ ಏಳುತ್ತೆ.

ನಮ್ಮಲ್ಲಿ ಇದಕ್ಕೆ ಒಳ್ಳೇ ಮದ್ದು ಇದೆ, ಅಡಿಕೆ ಚೊಗರು. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕಡುಗೆಂಪು ರಸ. ಅದರ ತುಂಬ ಟ್ಯಾನಿನ್. ಟ್ಯಾನಿನ್‌ಗೂ ಕಬ್ಬಿಣಕ್ಕೂ ಸೇರಿದರೆ ಕಪ್ಪು. ಯುರೋಪಿನವರು ನೂರಾರು ವರ್ಷ ಓಕ್ ಮರದ ಗಂಟು ಮತ್ತು ಕಬ್ಬಿಣದ ಉಪ್ಪು ಸೇರಿಸಿ ಬರೆದ ಶಾಯಿ ಇದೇ ಜಾತಿಯದು. ಅಡಿಕೆ ಸುಲಿಯುವವರ ಕೈ ಕತ್ತಿ ಎರಡೂ ಕೊಯ್ಲಿನ ಮೂರು ತಿಂಗಳು ಕಪ್ಪಗೇ ಇರೋದು, ಬಾಳೆಕಾಯಿ ಹೆಚ್ಚಿದ ಮೆಟ್ಟುಗತ್ತಿ ಕಪ್ಪಾಗೋದು ಎಲ್ಲ ಅದೇ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ‘ಚರಕ’ದವರು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಕೊಡ್ತಾರಲ್ಲ, ನಿಮ್ಮಲ್ಲಿ ಕೆಲವರು ‘ದೇಸಿ’ ಅಂಗಡಿಯಿಂದ ಕೊಂಡ ಕುರ್ತಾದಲ್ಲಿ ಅದನ್ನೇ ಹಾಕ್ಕೊಂಡು ಮೀಟಿಂಗಿಗೆ ಹೋಗಿರ್ತೀರಿ. ತುಕ್ಕು ಹಿಡಿದ ಮೊಳೆಯನ್ನು ತೊಳೆದು, ಬಿಸಿ ಚೊಗರು ಬಳಿದರೆ ಕಣ್ಣೆದುರಿಗೇ ಕೆಂಪು ಮುಳುಗಿ ನೀಲಿ ಕಲೆತ ಕಪ್ಪು ಏಳುತ್ತೆ. ಒಣಗಿಸಿ ಮತ್ತೆ ಬಳಿಯೋದು, ಹೀಗೆ ಮೂರ್ನಾಲ್ಕು ಸಲ. ತುಕ್ಕನ್ನೇ ಅದು ಗಟ್ಟಿಯಾದ ಬೇರೆ ಪದರ ಮಾಡುತ್ತೆ. ಪೇಟೆಯಲ್ಲಿ ‘ರಸ್ಟ್ ಕನ್ವರ್ಟರ್’ ಅಂತ ಮಾರುವ ಎಷ್ಟೋ ಡಬ್ಬಿಗಳಲ್ಲಿ ಇರೋದೂ ಟ್ಯಾನಿಕ್ ಆಸಿಡ್ಡೇ. ಕೊನೆಗೆ ಸಾಮಾನು ಬಿಸಿ ಇರುವಾಗ ಜೇನುಮೇಣ ಉಜ್ಜಬೇಕು. ಕೊಬ್ಬರಿ ಎಣ್ಣೆ ಬೇಡ, ಅದು ಒಣಗೋದಿಲ್ಲ, ಧೂಳು ಕೂರುತ್ತೆ.

ಕುಲುಮೆಯ ಆಚಾರ್ರಿಗೆ ಇದನ್ನು ತೋರಿಸಿದರೆ ನಕ್ಕರು. “ತಂಗೀ, ಇಷ್ಟು ದಿನ ಎಂತಕ್ಕೆ? ಕಬ್ಬಿಣ ಕಾಯಿಸಿ ಎಣ್ಣೆಗೆ ಅದ್ದಿದ್ರೆ ಅರ್ಧ ಗಂಟೆ ಕೆಲಸ.” ಹೌದು, ಅವರು ಬಡಿದು ಕೊಟ್ಟ ಎರಡು ಬಿಜಾಗರಿ ಹಾಗೇ ಕಪ್ಪಾಗಿದ್ದು, ನನ್ನ ಚೊಗರಿನದಕ್ಕಿಂತ ಚೆನ್ನಾಗಿವೆ. ಆದರೆ ಅವರಿಗೆ ಈಗ ಕತ್ತಿ, ಗುದ್ದಲಿ ಹದ ಮಾಡೋಕೇ ಪುರುಸೊತ್ತಿಲ್ಲ, ಮೂವತ್ತು ಬಿಜಾಗರಿ ಬಡಿಯೋದು ಎಲ್ಲಿಂದ? ಮಾತಿನ ನಡುವೆ ಕೊಡಚಾದ್ರಿಯ ಕಬ್ಬಿಣದ ಕಂಬದ ವಿಷಯ ಬಂತು. ಹೊಸನಗರ ತಾಲ್ಲೂಕಿನ ಆ ಗುಡ್ಡದ ಮೇಲೆ, ಮೂಲ ಮೂಕಾಂಬಿಕೆ ಗುಡಿಯ ಎದುರು ಸುಮಾರು 40 ಅಡಿಯ ಕಬ್ಬಿಣದ ಧ್ವಜಸ್ತಂಭ ಇದೆ. ದೆಹಲಿಯ ಕಂಬ ಎಲ್ಲರಿಗೂ ಗೊತ್ತು, ಆದರೆ ಅಲ್ಲಿನದು ಒಣ ಹವೆ. ಇದು ವರ್ಷದಲ್ಲಿ ತಿಂಗಳುಗಟ್ಟಲೆ ಮೋಡದೊಳಗೇ ಮುಳುಗಿ ನೆನೆಯುವ ಕಂಬ. ಆದರೂ ತುಕ್ಕು ತಿಂದು ಮುಗಿಸಿಲ್ಲ. ಲೋಹಶಾಸ್ತ್ರದವರು ಬಂದು ಪರೀಕ್ಷೆ ಮಾಡಿ ಹೋಗಿದ್ದಾರೆ. “ಅದನ್ನ ಮಾಡಿದವ್ನು ಹಳೇದು ಕಾಣ್ಲಿ ಅಂತ ಮಾಡಿದ್ನಾ? ಉಳೀಲಿ ಅಂತ ಮಾಡಿದ” ಅಂದರು ಆಚಾರ್ರು. ನಾನು ಉತ್ತರ ಕೊಡಲಿಲ್ಲ, ಬಿಜಾಗರಿ ದುಡ್ಡು ಕೊಟ್ಟು ಬಂದೆ.

ಬಣ್ಣ ಬಂದರೆ ಅರ್ಧ ಕೆಲಸ. ಹಳೇದು ಹಳೇದಾಗಿ ಕಾಣೋದು ಕಪ್ಪಿನಿಂದ ಅಲ್ಲ, ಕಪ್ಪು ಎಲ್ಲಿ ಇಲ್ಲ ಅನ್ನೋದರಿಂದ. ಕೊಟ್ಟಿಗೆ ಬಾಗಿಲಿನ ಕೊಂಡಿಯನ್ನು ದಿನಾ ಕೂತು ನೋಡಿದೆ. ಕೆತ್ತನೆಯ ತಗ್ಗೆಲ್ಲ ಕಪ್ಪು, ಉಬ್ಬೆಲ್ಲ ತಿಳಿ. ಬಲಗೈ ಹೆಬ್ಬೆರಳು ತಾಗುವ ಒಂದು ಕಡೆ ಮಾತ್ರ ಸವೆದು ಚಿನ್ನದ ಹಾಗೆ ನುಣುಪು. ಕಾರ್ಖಾನೆಯ ಆಂಟಿಕ್ ಫಿನಿಶ್ ಮೋಸ ಅಂತ ಗೊತ್ತಾಗೋದು ಇಲ್ಲೇ, ಅಲ್ಲಿ ಯಾರ ಕೈಯೂ ತಾಗದ ಮೂಲೆಯಲ್ಲೂ ಸವೆದಿರುತ್ತೆ. ಹೊಸ ಬಳೆಗೆ ನಾನು ಉಬ್ಬಿದ ಭಾಗವನ್ನು ಮಾತ್ರ ನುಣ್ಣನೆ ಸ್ಟೀಲ್ ವುಲ್‌ನಿಂದ ಒಂದು ಸುತ್ತು ಉಜ್ಜಿದೆ. ಹೆಬ್ಬೆರಳಿನ ಜಾಗ ಉಜ್ಜೋಕೆ ಹೋಗಿ ಕೈ ತಡೆಯಿತು. ಯಾರ ಹೆಬ್ಬೆರಳು ಅಂತ ಉಜ್ಜಲಿ? ಆ ಜಾಗ ಹಾಗೇ ಬಿಟ್ಟಿದ್ದೇನೆ.

ಅಣ್ಣನ ಜೊತೆ ಜಗಳ ಆಗಿದ್ದು ಎರಡು ವಿಷಯಕ್ಕೆ. ಒಂದು, ಬಂದವರಿಗೆ “ಇನ್ನೂರು ವರ್ಷದ ಚಿಲಕ, ಕೆಳದಿ ಕಾಲದ್ದು” ಅಂತ ಹೇಳೋದು. ಕೆಳದಿ ಸಂಸ್ಥಾನವನ್ನು ಹೈದರ್ ಅಲಿ ತಗೊಂಡಿದ್ದೇ 1763ರಲ್ಲಿ, ಇನ್ನೂರು ವರ್ಷದ ಲೆಕ್ಕಕ್ಕೂ ಅದು ಸೇರೋದಿಲ್ಲ ಅಂದೆ. “ಬೆಂಗಳೂರಿನವ್ರಿಗೆ ಎಂತ ಗೊತ್ತಾಗ್ತದೆ?” ಅಂದ. “ನಾನೂ ಬೆಂಗಳೂರಿನವಳೇ” ಅಂದೆ. ಹಳೇ ಕಟ್ಟಡ ರಿಪೇರಿ ಮಾಡುವವರಿಗೆ 1964ರ ವೆನಿಸ್ ಚಾರ್ಟರ್ ಅಂತೊಂದಿದೆ. ಕಳೆದುಹೋದ ಭಾಗವನ್ನು ಹೊಸದಾಗಿ ಸೇರಿಸಿದರೆ ಅದು ಉಳಿದದ್ದಕ್ಕೆ ಹೊಂದಬೇಕು, ಆದರೆ ನೋಡಿದರೆ ಬೇರೆ ಅಂತ ತಿಳಿಯಲೂಬೇಕು ಅನ್ನುತ್ತೆ ಅದರ 12ನೇ ವಿಧಿ. ಅದರಂತೆ ಪ್ರತಿ ಬಿಲ್ಲೆಯ ಹಿಂಭಾಗ, ಚಿಲಕದ ಅಡಿ, ಉಳಿಯಿಂದ 2023 ಅಂತ ಕೊರೆಸಿದೆ. ತೆಗೆದು ನೋಡುವವರಿಗೆ ಸಿಗುತ್ತೆ.

ಎರಡನೇ ವಿಷಯ ಅಪ್ಪಯ್ಯನ ಅಲ್ಯೂಮಿನಿಯಂ ಬೋಲ್ಟು. ಅದನ್ನು ಕಿತ್ತು ಹಾಕಬೇಕು, ಆ ಬಾಗಿಲಿಗೆ ಅಸಹ್ಯ ಅಂತ ಅಣ್ಣನ ವಾದ. ಕಣ್ಣಿಗೆ ಅಸಹ್ಯವೇ, ಸುಳ್ಳಲ್ಲ. ಅದಕ್ಕೆ ಗಂಜಳವೂ ಹತ್ತೋದಿಲ್ಲ ಚೊಗರೂ ಹತ್ತೋದಿಲ್ಲ. ತನ್ನದೇ ಬೂದು ಪೊರೆ ಹೊದ್ದು ಕೂತಿದೆ. ಆದರೆ ಆ ಬಾಗಿಲಿಗೆ ನಿಜವಾಗಿ ಆದ ವಯಸ್ಸು ಅಂತಿದ್ದರೆ ಅದು ಆ ಬೋಲ್ಟು. ಅದರ ಹಿಡಿಯ ತುದಿ ಅಪ್ಪಯ್ಯನ ಕೈಯಲ್ಲೇ ಸವೆದದ್ದು. ಪಾಲಿನ ದಿನ ಅವನು ಆಡದ ಮಾತೆಲ್ಲ ಆ ನಾಲ್ಕು ಸ್ಕ್ರೂನಲ್ಲಿದೆ ಅಂತ ನನಗೆ. ಎಲ್ಲ ಕಾಲದವರು ಸೇರಿಸಿದ್ದಕ್ಕೂ ಮರ್ಯಾದೆ ಕೊಡಬೇಕು ಅಂತ ಅದೇ ಚಾರ್ಟರಿನ 11ನೇ ವಿಧಿ ಹೇಳುತ್ತೆ. ವೆನಿಸ್‌ನಲ್ಲಿ ಕೂತವರು ಬಚ್ಚಲುಮನೆ ಬೋಲ್ಟಿನ ಬಗ್ಗೆ ಯೋಚಿಸಿರಲಿಕ್ಕಿಲ್ಲ, ಇರಲಿ. ಅಮ್ಮ ತೀರ್ಮಾನ ಕೊಟ್ಟಳು. “ಹೊರಗಡೆ ನಿಮ್ಗೆ ಬೇಕಾದ್ದು ಹಾಕ್ಕೊಳ್ಳಿ. ಒಳಗಿಂದು ತೆಗ್ಯೂಕಿಲ್ಲ. ಕತ್ತಲಲ್ಲೂ ನಂಗೆ ಕೈಗೆ ಸಿಗದು ಅದೊಂದೆ.”

ಹಾಗಾಗಿ ಈಗ ಹೊರಗೆ ಬೆಲ್ಲದ ಬಣ್ಣದ ಬಳೆ, ಬಿಲ್ಲೆ, ಚಿಲಕ, ಒಳಗೆ ಅಲ್ಯೂಮಿನಿಯಂ.

ದೀಪಾವಳಿಗೆ ಚಿಕ್ಕಪ್ಪ ಬಂದಿದ್ದ. ಎಪ್ಪತ್ತು ದಾಟಿದೆ, ಕಣ್ಣು ಮಂಜು. ಜಗಲಿ ಹತ್ತಿ ಬಾಗಿಲಿನ ಹತ್ತಿರ ನಿಂತ. ಬಳೆ ಹಿಡಿದು ಎತ್ತಿ ಬಿಟ್ಟ. ಬಿಲ್ಲೆ ಸವರಿದ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತೀರಾ ಸಣ್ಣ ದನಿಯಲ್ಲಿ, “ಇದು ಎಲ್ಲಿ ಸಿಕ್ತೇ ನಿಂಗೆ?” ಅಂದ.

ಸುಳ್ಳು ಹೇಳಿದ್ದರೆ ಇಪ್ಪತ್ತಾರು ವರ್ಷದ ಲೆಕ್ಕ ಆ ಜಗಲಿಯಲ್ಲೇ ಚುಕ್ತಾ ಆಗುತ್ತಿತ್ತೇನೋ, ಯಾವ ಕಡೆಗೆ ಅಂತ ಹೇಳೋಕೆ ಬರೋದಿಲ್ಲ. “ಎಸ್.ಪಿ. ರೋಡಿಂದ ತಂದಿದ್ದು ಚಿಕ್ಕಪ್ಪ, ಹೊಸದು. ಗಂಜಳದ ಹಬೆಗೆ ಹಿಡಿದಿದ್ದು” ಅಂದೆ. “ಹೌದಾ” ಅಂತ ಇನ್ನೊಮ್ಮೆ ಬಳೆ ಎತ್ತಿ ತೂಕ ನೋಡಿದ. “ಅದು ಇದಕ್ಕಿಂತ ಭಾರ ಇತ್ತು” ಅಂದ. ಒಳಗೆ ಬಂದು ಕೂತ. ಅಮ್ಮ ಹೋಳಿಗೆ ಬಡಿಸಿದಳು, ಅವನು ಎರಡು ತಿಂದ. ಬಾಗಿಲಿನ ಮಾತು ಮತ್ತೆ ಬರಲಿಲ್ಲ.

ಕಿಟಕಿಗಳ ಹದಿನಾಲ್ಕು ಕೊಂಡಿ ಇನ್ನೂ ಬಾಕಿ ಇವೆ. ಬಾಟಲಿಯಲ್ಲಿಟ್ಟಿದ್ದ ಚೊಗರು ಮಳೆಗಾಲದಲ್ಲಿ ಬೂಸ್ಟು ಹಿಡಿದು ಹಾಳಾಯಿತು. ಈ ವಾರ ಅಡಿಕೆ ಬೇಯಿಸೋಕೆ ಶುರು ಮಾಡ್ತಾರಂತೆ. ಒಂದು ಕೊಡ ತೆಗೆದಿಡೋಕೆ ಅಣ್ಣನಿಗೆ ಹೇಳಿದ್ದೇನೆ, ಶುಕ್ರವಾರ ರಾತ್ರಿ ತಾಳಗುಪ್ಪ ರೈಲಿಗೆ ಟಿಕೆಟ್ ಆಗಿದೆ.